ಕುಂಡಕ್ಕೆ ಸುರಿದ ಹಾಲು

ಕಿರಿಯವಳು ಚಮಚದ ಹಿಡಿಯಿಂದ ಕುಂಡದ ಮಣ್ಣಿನಲ್ಲಿ ಬೆರಳುದ್ದದ ಗುಳಿ ತೋಡಿದಳು. ಲೋಟದಲ್ಲಿ ಉಳಿದಿದ್ದ ಹಾಲನ್ನು ಸದ್ದಾಗದಂತೆ ಅದರೊಳಗೆ ಬಗ್ಗಿಸಿದಳು. ಹಾಲು ಒಮ್ಮೆಗೇ ಇಂಗಲಿಲ್ಲ, ಸ್ವಲ್ಪ ಹೊತ್ತು ಬೆಳ್ಳಗೆ ಮೇಲೇ ನಿಂತಿತ್ತು. ಅದು ಇಳಿಯುವವರೆಗೆ ಕಾದು, ಸುತ್ತಲಿನ ಮಣ್ಣು ಎಳೆದು ಮುಚ್ಚಿ, ಚಮಚದ ಬೆನ್ನಿನಿಂದ ತಟ್ಟಿ ಸಮ ಮಾಡಿದಳು. ಮಂಚದ ಮೇಲೆ ಮಲಗಿದ್ದ ಅಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಅಮ್ಮನಿಗೆ ಮಾತು ಹೋಗಿ ಐದು ತಿಂಗಳಾಗಿತ್ತು. ಕಿರಿಯವಳಂತೂ ಹುಟ್ಟಿದಾಗಿನಿಂದಲೇ ಮಾತಿಗೆ ಬಡವಿ.

ಹೊರಗೆ ಓಡುತ್ತಿದ್ದ ಹೊಲಿಗೆ ಯಂತ್ರ ನಿಂತಿತು.

"ಕುಡಿದ್ಲೇನೇ?" ಅಕ್ಕನ ದನಿ.

"ಹ್ಞೂಂ."

"ಪೂರ್ತಿ?"

ಕಿರಿಯವಳು ಬಾಗಿಲಿಗೆ ಬಂದು ಲೋಟ ಬೋರಲು ಹಿಡಿದು ತೋರಿಸಿದಳು. ಒಂದು ಹನಿ ಮಾತ್ರ ನೆಲಕ್ಕೆ ಬಿತ್ತು.

"ನೀನು ಬಿಡು, ಕಲ್ಲಿಗೂ ಬಾಯಿ ಬಿಡಿಸ್ತೀಯ. ನನ್ನ ಕೈಯಲ್ಲಿ ಒಂದು ಚಮಚ ಕುಡಿಯಲ್ಲ ಈ ಮುದುಕಿ" ಎಂದು ಅಕ್ಕ ಮತ್ತೆ ಯಂತ್ರ ತುಳಿದಳು.

ಮನೆ ಎಂದರೆ ಮೂರನೆಯ ಮಹಡಿಯಲ್ಲಿ ಒಂದು ಕೋಣೆ, ಅದರ ಮುಂದೆ ರೈಲಿನ ಬೋಗಿಯಂತೆ ಉದ್ದಕ್ಕೆ ಇರುವ ನಡುಮನೆ. ನಡುಮನೆಯ ಈ ತುದಿಯಲ್ಲಿ ಒಲೆ, ಆ ತುದಿಯಲ್ಲಿ ಪಾತ್ರೆ ತೊಳೆಯುವ ತೊಟ್ಟಿ ಮತ್ತು ಬಚ್ಚಲು, ನಡುವೆ ಅಕ್ಕನ ಯಂತ್ರ. ಅಕ್ಕ ಶಾಲೆಗಳ ಸಮವಸ್ತ್ರ ಹೊಲಿಯುವವಳು. ಬೆಳಿಗ್ಗೆ ಕೂತರೆ ಬೆಳಕು ಇಳಿದ ಮೇಲೇ ಏಳುತ್ತಿದ್ದಳು. ತೊಟ್ಟಿಗೆ ಏನು ಹೋಗಬೇಕಾದರೂ ಅವಳ ಮೊಣಕೈ ದಾಟಿಯೇ ಹೋಗಬೇಕು. ಅರ್ಧ ಲೋಟ ಹಾಲು ಅವಳ ಕಣ್ಣು ತಪ್ಪಿಸಿ ಅಲ್ಲಿಗೆ ಮುಟ್ಟುವುದು ಆಗದ ಮಾತು.

ಅಮ್ಮನ ಮಂಚ ಒಳಗಿನ ಕೋಣೆಯಲ್ಲಿ, ಕಿಟಕಿಯ ಪಕ್ಕ. ಮಂಚದ ಉದ್ದಕ್ಕೂ ಒಂದು ಹಲಗೆ, ಹಲಗೆಯ ಮೇಲೆ ಏಳು ಕುಂಡ. ಅಮ್ಮ ಇಪ್ಪತ್ತಾರು ವರ್ಷ ಒಂದು ನರ್ಸರಿಯಲ್ಲಿ ದುಡಿದಿದ್ದಳು. ಆ ನರ್ಸರಿಯವರು ಆಫೀಸುಗಳಿಗೆ ಗಿಡ ಬಾಡಿಗೆಗೆ ಕೊಡುತ್ತಿದ್ದರು. ಅಮ್ಮ ದಿನವೂ ಆಫೀಸಿನಿಂದ ಆಫೀಸಿಗೆ ನಡೆದು ಆ ಗಿಡಗಳಿಗೆ ನೀರು ಹಾಕಿ, ಎಲೆಗಳ ಧೂಳು ಒರೆಸಿ, ಹಣ್ಣಾದ ಎಲೆ ಕಿತ್ತು ಬರುತ್ತಿದ್ದಳು. ಇನ್ನು ಬದುಕದು ಎಂದು ಆಫೀಸಿನವರು ಹಿಂತಿರುಗಿಸಿದ ಗಿಡಗಳು ನರ್ಸರಿಯ ಹಿಂದಿನ ಗುಂಡಿಗೆ ಹೋಗುತ್ತಿದ್ದವು. ಅವುಗಳಲ್ಲಿ ಒಂದೊಂದನ್ನು ಅಮ್ಮ ಎತ್ತಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಮನೆಗೆ ತಂದು ಬದುಕಿಸುತ್ತಿದ್ದಳು. ಎಲ್ಲಿಂದ ಬಂತೋ ಅದೇ ಅದರ ಹೆಸರು. ವಕೀಲರು, ಬ್ಯಾಂಕಿನವರು, ಹಲ್ಲಿನ ಡಾಕ್ಟ್ರು, ವಿಮೆಯವರು. "ವಕೀಲರಿಗೆ ಇವತ್ತು ನೀರು ಬೇಡ ಕಣ್ರೇ, ಗಂಟಲು ಇನ್ನೂ ಒದ್ದೆ ಇದೆ" ಎನ್ನುತ್ತಿದ್ದಳು, ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಬೆರಳಿಗೆ ಮಣ್ಣು ಅಂಟಿದರೆ ನೀರಿಲ್ಲ. ಅಂಟದಿದ್ದರೆ ಅರ್ಧ ಚೊಂಬು. ಆ ಮನೆಯಲ್ಲಿ ಇದಕ್ಕಿಂತ ದೊಡ್ಡ ಕಾನೂನು ಇರಲಿಲ್ಲ.

ಒಂದು ಬೆಳಿಗ್ಗೆ ಯಾವುದೋ ಆಫೀಸಿನ ಮೆಟ್ಟಿಲ ಮೇಲೆ, ಕೈಯಲ್ಲಿ ನೀರಿನ ಕ್ಯಾನು ಹಿಡಿದಂತೆಯೇ ಅಮ್ಮ ಕುಸಿದಳು. ಆಸ್ಪತ್ರೆಯಲ್ಲಿ ನಲವತ್ತು ದಿನ. ಮಾತು ಹೋಯಿತು, ಕೈಕಾಲು ಹೋದವು. ಉಳಿದದ್ದು ಕಣ್ಣು. ಒಮ್ಮೆ ರೆಪ್ಪೆ ಬಡಿದರೆ ಹೌದು, ಎರಡು ಸಲ ಬಡಿದರೆ ಬೇಡ. ಇದನ್ನು ಅಮ್ಮನಿಗೆ ಕಲಿಸಿದವಳು ಕಿರಿಯವಳೇ. ಆಸ್ಪತ್ರೆಯಲ್ಲಿ ಅಮ್ಮನ ಮಂಚ ಗೋಡೆಗೆ ಮುಖ ಮಾಡಿತ್ತು. ಪಕ್ಕದ ಮಂಚದ ಹೆಂಗಸಿಗೆ ಮೂಗಿನಲ್ಲಿ ನಳಿಗೆ ಹಾಕಿದ್ದರು, ಅದನ್ನು ಕೀಳದಿರಲೆಂದು ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಅಮ್ಮನನ್ನು ಮನೆಗೆ ಕರೆತಂದ ದಿನ ಅವಳು ಏಳು ಕುಂಡಗಳನ್ನೂ ಒಂದೊಂದಾಗಿ ನೋಡಿದಳು, ಕಣ್ಣಿನಿಂದ ನೀರು ಕಿವಿಗೆ ಇಳಿಯಿತು. "ಇನ್ನು ಅಲ್ಲಿಗೆ ಕಳ್ಸಲ್ಲಮ್ಮ" ಎಂದು ಕಿರಿಯವಳು ಅದೇ ಕಿವಿಯಲ್ಲಿ ಹೇಳಿದಳು. ಅಮ್ಮ ಒಮ್ಮೆ ರೆಪ್ಪೆ ಬಡಿದಳು.

ಆರೋಗ್ಯ ಕೇಂದ್ರದ ನರ್ಸಮ್ಮ ಸೋಮವಾರಕ್ಕೊಮ್ಮೆ ಮೂರು ಮಹಡಿ ಹತ್ತಿ ಬರುತ್ತಿದ್ದಳು. ಅವಳು ಒಂದೇ ಷರತ್ತು ಹಾಕಿದ್ದಳು. ಪುಡಿ ಕಲಸಿದ ಹಾಲು ದಿನಕ್ಕೆ ನಾಲ್ಕು ಲೋಟ ಒಳಗೆ ಹೋಗಬೇಕು. ಹೋಗುವವರೆಗೂ ಅಮ್ಮ ಮನೆಯಲ್ಲಿರಬಹುದು. ಎರಡಕ್ಕಿಂತ ಕಡಿಮೆಯಾದರೆ ಹಿಂದೆ ಮುಂದೆ ನೋಡದೆ ಆಸ್ಪತ್ರೆಗೆ ತರಬೇಕು, ನಳಿಗೆ ಹಾಕುತ್ತಾರೆ.

ಮೊದಮೊದಲು ನಾಲ್ಕೂ ಹೋಗುತ್ತಿದ್ದವು. ಆಮೇಲೆ ಮೂರು. ಒಂದು ಸೋಮವಾರ ಬೆಳಿಗ್ಗೆ ಅಮ್ಮ ಎರಡು ಚಮಚ ನುಂಗಿ ಬಾಯಿ ಮುಚ್ಚಿದಳು. "ಇನ್ನೊಂದು ಗುಟುಕು?" ಎರಡು ಸಲ ರೆಪ್ಪೆ. "ನರ್ಸಮ್ಮ ಬರ್ತಾಳಮ್ಮ." ಎರಡು ಸಲ ರೆಪ್ಪೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ನರ್ಸಮ್ಮನ ಚಪ್ಪಲಿ ಸದ್ದು ಕೇಳಿಸಿತು. ಕಿರಿಯವಳ ಕೈಯಲ್ಲಿ ತುಂಬಿದ ಲೋಟ, ಕೈಗೆಟಕುವಷ್ಟು ದೂರದಲ್ಲಿ ವಕೀಲರ ಕುಂಡ. ಬೇರೆ ಯೋಚನೆಗೆ ಹೊತ್ತಿರಲಿಲ್ಲ. ಬಗ್ಗಿಸಿದ ಮೇಲೆ ಅಮ್ಮನ ಕಡೆ ನೋಡಿದಳು. ಅಮ್ಮ ನಿಧಾನವಾಗಿ ಒಮ್ಮೆ ಕಣ್ಣು ಮುಚ್ಚಿ ತೆರೆದಳು. ಹೌದು ಎಂದಳೋ, ದಣಿವಾಯಿತು ಎಂದಳೋ. ಕಿರಿಯವಳು ಹೌದು ಎಂದೇ ತೆಗೆದುಕೊಂಡಳು.

ಆಮೇಲೆ ಅದು ರೂಢಿಯಾಯಿತು. ಒಂದೇ ಗಿಡಕ್ಕೆ ಭಾರವಾಗಬಾರದೆಂದು ಸರದಿ ಇಟ್ಟಳು. ಬೆಳಗಿನದು ಬ್ಯಾಂಕಿನವರಿಗೆ, ಮಧ್ಯಾಹ್ನದ್ದು ಹಲ್ಲಿನ ಡಾಕ್ಟ್ರಿಗೆ. ಅಮ್ಮನ ಹಾಲು ಅಮ್ಮನ ಗಿಡಗಳಿಗೇ ಹೋಗುತ್ತಿದೆ, ಚರಂಡಿಗೇನೂ ಅಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಪುಷ್ಟಿಯ ಹಾಲು ಗಿಡಕ್ಕೂ ಪುಷ್ಟಿಯೇ ಇರಬಹುದು. ಮಣ್ಣಿಗೆ ಬೆರಳು ಇಳಿಸಿ ನೋಡುವುದನ್ನು ಮಾತ್ರ ಅವಳು ನಿಲ್ಲಿಸಿಬಿಟ್ಟಿದ್ದಳು.

ಎರಡು ವಾರಕ್ಕೆ ನೊರಜು ಬಂದವು.

ಮೊದಲು ಲೋಟದ ಅಂಚಿನಲ್ಲಿ ಒಂದು. ಎಳ್ಳಿನಷ್ಟೇ, ಕಪ್ಪಗೆ, ಕೂದಲಿನಂಥ ಕಾಲು. ಮರುದಿನ ಕಿಟಕಿಯ ಗಾಜಿನ ಮೇಲೆ ಹತ್ತಿಪ್ಪತ್ತು. ಕುಂಡ ಒಂದಿಷ್ಟು ಅಲುಗಿದರೆ ಸಾಕು, ಮಣ್ಣಿನಿಂದ ಹೊಗೆ ಎದ್ದಂತೆ ಏಳುತ್ತಿದ್ದವು. ಗಿಡಗಳ ಸುತ್ತವೇ ಇದ್ದಿದ್ದರೆ ಹೇಗೋ ಆಗುತ್ತಿತ್ತು. ಅವುಗಳಿಗೆ ಅಮ್ಮನ ಉಸಿರು ಬೇಕಾಗಿತ್ತು, ತುಟಿಯ ಅಂಚಿನ ಹಾಲಿನ ಪಸೆ ಬೇಕಾಗಿತ್ತು. ಮೂಗಿನ ಮೇಲೆ ಕೂತರೂ ಓಡಿಸಲು ಅಮ್ಮನಿಗೆ ಕೈ ಏಳದು. ಕಿರಿಯವಳು ರಟ್ಟಿನ ತುಂಡು ಹಿಡಿದು ಗಾಳಿ ಹಾಕುತ್ತ ಕೂತಳು. ಗಾಳಿ ನಿಂತ ಕೂಡಲೇ ಮತ್ತೆ ಬಂದವು.

ಎಲ್ಲಕ್ಕಿಂತ ಕೆಟ್ಟದ್ದು ಬೇರೆಯೇ ಇತ್ತು. ನೊರಜು ಕಣ್ಣಿನ ಹತ್ತಿರ ಬಂದರೆ ಅಮ್ಮ ಪಟಪಟ ರೆಪ್ಪೆ ಬಡಿಯುತ್ತಿದ್ದಳು. "ಮಗ್ಗುಲು ತಿರುಗಿಸ್ಲಾ?" ಎಂದು ಕೇಳಿದರೆ ಒಂದು, ಎರಡು, ನಾಲ್ಕು. ಅದು ಹೌದೋ, ಬೇಡವೋ, ನೊರಜೋ. ಉಳಿದಿದ್ದ ಒಂದು ಭಾಷೆಯೂ ಹೀಗೆ ಕದಡಿಹೋಯಿತು. ಒಂದು ಮಧ್ಯಾಹ್ನ ಅಮ್ಮನಿಗೆ ಚಳಿಯೋ ಸೆಕೆಯೋ ತಿಳಿಯದೆ ಕಿರಿಯವಳು ಹೊದಿಕೆಯನ್ನು ಹೊದಿಸಿದಳು, ತೆಗೆದಳು, ಮತ್ತೆ ಹೊದಿಸಿದಳು.

ಆ ಸೋಮವಾರ ನರ್ಸಮ್ಮ ಬಂದವಳೇ ಅಕ್ಕನ ಹೊಲಿಗೆ ಟೇಪು ಇಸಿದುಕೊಂಡು ಅಮ್ಮನ ತೋಳು ಅಳೆದಳು. ಅಳತೆಯನ್ನು ಎರಡು ಸಲ ನೋಡಿದಳು.

"ನಾಲ್ಕು ಲೋಟ ಹೋಗ್ತಿದೆ ಅಂತೀರ. ತೋಳು ನೋಡಿದ್ರೆ ಹಿಂಗಿದೆ. ಎಲ್ಲಿಗೆ ಹೋಗ್ತಿದೆ ಹಾಲು?"

"ಎಲ್ಲ ಕಣ್ಣಿಗೆ ಹೋಗ್ತಿದೆ ನರ್ಸಮ್ಮ" ಎಂದಳು ಅಕ್ಕ. "ಹೆಂಗೆ ದುರುಗುಟ್ತಾಳೆ ನೋಡಿ. ಗುಂಡಿ ಕಾಜದಲ್ಲಿ ಒಂದು ಎಳೆ ತಪ್ಪಿದ್ರೂ ಅಲ್ಲಿಂದಲೇ ಬೈತಾಳೆ."

ನರ್ಸಮ್ಮ ನಕ್ಕಳು. ಕಿರಿಯವಳು ಹೊದಿಕೆಯ ಅಂಚು ಸರಿಮಾಡುತ್ತ ತಲೆ ಎತ್ತಲಿಲ್ಲ. ಒಂದು ನೊರಜು ನರ್ಸಮ್ಮನ ಕನ್ನಡಕದ ಒಳಗೇ ಹೊಕ್ಕಿತು.

"ಮೊದಲು ಇದನ್ನ ಓಡ್ಸಿ" ಎಂದು ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. "ನುಂಗೋವಾಗ ಗಂಟಲಿಗೆ ಹೋದ್ರೆ ಕೆಮ್ಮು ಬರುತ್ತೆ, ಹಾಲು ಶ್ವಾಸಕ್ಕೆ ಇಳಿಯುತ್ತೆ. ಮುಂದಿನ ವಾರ ನಾನು ಬರೋದ್ರೊಳಗೆ ನೊರಜು ಹೋಗ್ಬೇಕು. ಇಲ್ಲದಿದ್ರೆ ಕುಂಡಗಳು ಹೊರಗೆ."

ಅಕ್ಕನಿಗೆ ಯಾವ ಕೆಲಸ ಹಿಡಿದರೂ ಯುದ್ಧ ಹೂಡಿದ ಹಾಗೆ. ಅಂದೇ ಸಣ್ಣ ಬಟ್ಟಲುಗಳಲ್ಲಿ ವಿನಿಗರ್ ಸುರಿದು, ಪಾತ್ರೆ ತೊಳೆಯುವ ಸೋಪಿನ ಒಂದೊಂದು ಹನಿ ಬಿಟ್ಟು, ಕುಂಡಗಳ ನಡುವೆ ಇಟ್ಟಳು. ಸಂಜೆಗೆ ಬಟ್ಟಲಿನಲ್ಲಿ ನೊರಜಿನ ಹೆಣಗಳು ತೇಲುತ್ತಿದ್ದವು. ಬೆಳಿಗ್ಗೆ ಗಾಜಿನ ಮೇಲೆ ಅಷ್ಟೇ ಹೊಸವು. ಮರುದಿನ ಹಳದಿ ರಟ್ಟು ಕತ್ತರಿಸಿ, ಎರಡೂ ಕಡೆ ಎಣ್ಣೆ ಸವರಿ, ಕಡ್ಡಿಗೆ ಸಿಕ್ಕಿಸಿ ಒಂದೊಂದು ಕುಂಡದಲ್ಲಿ ನೆಟ್ಟಳು. ಹಳದಿ ಕಂಡರೆ ಅವು ಹುಚ್ಚೆದ್ದು ಬರುತ್ತವೆ ಎಂದು ದಾರ, ಗುಂಡಿ ಮಾರುವ ಅಂಗಡಿಯವಳು ಹೇಳಿದ್ದಳು. ಬಂದವು ಕೂಡ. ರಟ್ಟುಗಳು ಒಂದೇ ದಿನಕ್ಕೆ ಕಪ್ಪಾದವು.

"ಸಾಯ್ತಾನೂ ಇದಾವೆ, ಕಡಿಮೇನೂ ಆಗ್ತಿಲ್ಲ" ಎಂದಳು ಅಕ್ಕ ಸೊಂಟಕ್ಕೆ ಕೈಕೊಟ್ಟು. "ಎಲ್ಲಿಂದ ಹುಟ್ತವೆ ಇವು? ನೀನು ನೀರು ಜಾಸ್ತಿ ಹಾಕ್ತೀಯೇನೇ ಪುಟ್ಟಿ?"

"ಇಲ್ಲಕ್ಕ. ಎಂಟು ದಿನಕ್ಕೊಂದ್ಸಲ."

ಅದು ನಿಜವೇ ಆಗಿತ್ತು. ಆವತ್ತಿನಿಂದ ಅವಳು ಹಾಲನ್ನು ಕುಂಡಕ್ಕೆ ಹಾಕಬಾರದೆಂದು ನಿಶ್ಚಯಿಸಿ, ಅಮ್ಮ ಬಿಟ್ಟದ್ದನ್ನು ತಾನೇ ಕುಡಿಯಲು ನೋಡಿದಳು. ಅಮ್ಮನ ಬಾಯಿಂದ ತಿರುಗಿ ಬಂದ, ತಣ್ಣಗಾಗಿ ಗಟ್ಟಿಯಾದ ಹಾಲು. ಎರಡು ದಿನ ಕುಡಿದಳು. ಮೂರನೆಯ ದಿನ ಗಂಟಲಲ್ಲಿ ಇಳಿಯಲಿಲ್ಲ. ಅಮ್ಮ ನೋಡುತ್ತಿದ್ದಳು. ತನ್ನ ಊಟವನ್ನು ಮಗಳು ಕಣ್ಣು ಮುಚ್ಚಿ ನುಂಗುವುದನ್ನು ಅಮ್ಮ ನೋಡುವುದೇ ಕಿರಿಯವಳಿಗೆ ತಡೆಯದಾಯಿತು. ಮತ್ತೆ ಚಮಚ ತಿರುಗಿಸಿ ಹಿಡಿದು ಗುಳಿ ತೋಡಿದಳು.

ಶನಿವಾರ ಅಕ್ಕ ಸೋಲೊಪ್ಪಿಕೊಂಡು ನರ್ಸರಿಯ ಮೇಸ್ತ್ರಿಗೆ ಫೋನ್ ಮಾಡಿದಳು. ಅಮ್ಮನ ಕೈಕೆಳಗೆ ಕೆಲಸ ಕಲಿತು ಮೇಲೆ ಬಂದವನು ಅವನು. ಭಾನುವಾರ ಬೆಳಿಗ್ಗೆಯೇ ಬಂದ, ಒಂದು ಹೆಗಲಲ್ಲಿ ಮರಳಿನ ಚೀಲ, ಇನ್ನೊಂದರಲ್ಲಿ ಒಣ ಮಣ್ಣಿನ ಚೀಲ. ಮೂರು ಮಹಡಿ ಹತ್ತಿ ಏದುತ್ತ ಅಮ್ಮನ ಮುಂದೆ ನಿಂತ.

"ಏನಕ್ಕಾ, ಆರಾಮಾಗಿ ಮಲ್ಕೊಂಡು ಕೆಲಸ ನಂಗೆ ಹಚ್ಚಿದೀಯ" ಎಂದ. ನಗಿಸಲೆಂದು ಹೇಳಿದವನ ದನಿ ಕೊನೆಗೆ ಒಡೆಯಿತು. ಅಮ್ಮನ ಮುಖ ಇಷ್ಟು ಚಿಕ್ಕದಾಗಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಬೇಗ ಕುಂಡಗಳ ಕಡೆ ತಿರುಗಿದ.

"ಈ ಬಟ್ಟಲು, ರಟ್ಟು ಎಲ್ಲ ಯಾರ ಕೆಲಸ?"

"ನಂದೇ ಮಾಮ."

"ಪರವಾಗಿಲ್ಲ, ಚೆನ್ನಾಗಿ ಹೊಲ್ದಿದೀಯ. ಆದ್ರೆ ಮಗಾ, ಹಾರೋದನ್ನ ಎಷ್ಟು ಹೊಡೆದ್ರೂ ಅಷ್ಟೇ. ಮೇಲಿನ ಎರಡು ಬೆರಳು ಮಣ್ಣಲ್ಲಿ ಮೊಟ್ಟೆ ಇಡ್ತವೆ. ಹುಳ ಅಲ್ಲೇ ಕೊಳೆತಿದ್ದನ್ನ ತಿಂದ್ಕೊಂಡು ಬೆಳೆಯುತ್ತೆ. ಮಣ್ಣು ಒಣಗಿಸಿದ್ರೆ ಮುಗೀತು. ಮೇಲಿನ ಮಣ್ಣು ತೆಗೀಬೇಕು, ಹೊಸದು ಹಾಕ್ಬೇಕು, ಒಂದು ಬೆರಳು ಮರಳು ಹರಡ್ಬೇಕು. ಮೂರು ವಾರ ಕೈ ಕಟ್ಕೊಂಡು ಕೂರ್ಬೇಕು. ಅಷ್ಟೇ. ನಿಮ್ಮಮ್ಮ ನಂಗೆ ಹೇಳಿಕೊಟ್ಟಿದ್ದೇ ಇದು."

ಹೀಗೆನ್ನುತ್ತ ಅವನು ವಕೀಲರ ಕುಂಡಕ್ಕೆ ಬೆರಳು ಇಳಿಸಿದ. ಬೆರಳು ಎರಡನೆಯ ಗೆಣ್ಣಿನವರೆಗೂ ಸಲೀಸಾಗಿ ಹೋಯಿತು. ಹೊರಗೆ ತೆಗೆದು ನೋಡಿದ. ಮೂಗಿನ ಹತ್ತಿರ ಹಿಡಿದ. ಬ್ಯಾಂಕಿನವರ ಕುಂಡಕ್ಕೂ ಬೆರಳು ಹಾಕಿ ಮೂಸಿದ. ಅಮ್ಮನನ್ನು ನೋಡಿದ, ಅವಳ ತೋಳನ್ನು ನೋಡಿದ, ಆಮೇಲೆ ಗೋಡೆಗೆ ಒರಗಿ ನಿಂತಿದ್ದ ಕಿರಿಯವಳನ್ನು ನೋಡಿದ. ಕಿರಿಯವಳ ಕೈ ಎರಡೂ ಒಂದನ್ನೊಂದು ಹಿಸುಕುತ್ತಿದ್ದವು.

"ಏನಾಯ್ತು ಮಾಮ?" ಎಂದಳು ಅಕ್ಕ.

"ಏನಿಲ್ಲ. ಗೊಬ್ಬರ ಕೊಳೆತಿದೆ" ಎಂದ ಮೇಸ್ತ್ರಿ. "ನೀನು ಹೋಗು ಮಗಾ, ನಿನ್ನ ಹೊಲಿಗೆ ನೋಡ್ಕೋ. ಇದು ಕೊಳಕು ಕೆಲಸ. ನಾವಿಬ್ರೂ ಮಾಡ್ತೀವಿ."

ಕಿರಿಯವಳಿಗೆ ಅವನ ಕಾಲಿಗೆ ಬೀಳುವ ಹಾಗಾಯಿತು. ಆದರೆ ಅಕ್ಕ ಹೋಗುವ ಪೈಕಿಯಲ್ಲ. "ಅಯ್ಯೋ, ಭಾನುವಾರವೂ ನಾನು ಹೊಲೀಬೇಕಾ" ಎನ್ನುತ್ತಲೇ ಹಳೆಯ ಚಮಚ ತಂದು ಹಲ್ಲಿನ ಡಾಕ್ಟ್ರ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಎರಡು ಸಲ ಮಣ್ಣು ಎತ್ತಿ ಚೀಲಕ್ಕೆ ಹಾಕಿದಳು. ಮೂರನೆಯ ಸಲ ಚಮಚದಲ್ಲಿ ಹೆಪ್ಪುಗಟ್ಟಿದ ಬಿಳಿ ಗಂಟು ಬಂತು, ಅದರ ಮೇಲೆ ದಾರದಂಥ ಹುಳ. ಅಕ್ಕ ಅದನ್ನು ಬೆಳಕಿಗೆ ಹಿಡಿದಳು. ದಿನಕ್ಕೆ ನಾಲ್ಕು ಸಲ ಅದೇ ಪುಡಿಯನ್ನು ಒಲೆಯ ಮುಂದೆ ಕಲಸುವವಳು ಅವಳೇ. ವಾಸನೆಗೆ ಸಾಕ್ಷಿ ಬೇಕಿರಲಿಲ್ಲ.

"ಇದು ಹಾಲು" ಎಂದಳು.

ಮೇಸ್ತ್ರಿ ತಲೆ ತಗ್ಗಿಸಿ ಮಣ್ಣು ಕೆದಕುತ್ತಲೇ ಇದ್ದ.

"ಪುಟ್ಟಿ, ಇದು ಹಾಲು ಕಣೇ." ದನಿ ಏರಲಿಲ್ಲ. ಏರಿದ್ದರೆ ಕಿರಿಯವಳಿಗೆ ಸುಲಭವಾಗುತ್ತಿತ್ತು. "ಯಾವಾಗಿಂದ?"

"ತಿಂಗಳಾಯ್ತು."

"ದಿನಕ್ಕೆ ಎಷ್ಟು ಕುಡೀತಾಳೆ? ನಿಜ ಹೇಳು."

"ಒಂದು ಲೋಟ. ಒಂದೊಂದಿನ ಅರ್ಧ."

ಅಕ್ಕ ಚಮಚವನ್ನು ಹಾಗೇ ಕೆಳಗಿಟ್ಟಳು. "ನಾನು ಅಲ್ಲೇ ಕೂತಿದ್ನಲ್ಲೇ. ಹತ್ತು ಹೆಜ್ಜೆ. ಕರೆದಿದ್ರೆ ಬರ್ತಿರ್ಲಿಲ್ವಾ? ಸಿಕ್ಕಿದವರ ಮುಂದೆಲ್ಲ, ನನ್ನ ತಂಗಿ ಇಲ್ಲದಿದ್ರೆ ನಮ್ಮಮ್ಮ ಇಷ್ಟೊತ್ತಿಗೆ ಅಂತ..." ಕೆಳಗಿಟ್ಟ ಚಮಚವನ್ನೇ ನೋಡಿದಳು. "ಖಾಲಿ ಲೋಟ ತೋರಿಸಿದ್ಯಲ್ಲೇ ನಂಗೆ. ಬೋರಲು ಹಾಕಿ ತೋರಿಸಿದ್ಯಲ್ಲ."

"ಹೇಳಿದ್ರೆ ನೀನು ನರ್ಸಮ್ಮಂಗೆ ಹೇಳ್ತಿದ್ದೆ."

"ಹೇಳ್ತಿದ್ದೆ. ಹೇಳಲೇಬೇಕಲ್ಲ. ಹಸಿವಿಂದ ಸಾಯ್ತಿದಾಳೆ ಅಮ್ಮ."

"ಅವಳಿಗೆ ಬೇಡ ಅಕ್ಕ. ನಾನು ಕೇಳಿದೀನಿ. ಪ್ರತಿ ಸಲ ಕೇಳಿದೀನಿ. ಬೇಡ ಅಂತಾಳೆ."

"ಹಾಲು ಬೇಡ ಅಂದ್ಲಾ, ಆಸ್ಪತ್ರೆ ಬೇಡ ಅಂದ್ಲಾ?"

ಎರಡೂ ಒಂದೇ ಎಂದುಕೊಂಡಿದ್ದಳು ಕಿರಿಯವಳು. ಮೊದಲ ದಿನ ಕಿವಿಯಲ್ಲಿ ಹೇಳಿದ್ದೇನೋ ನಿಜ. ಆಮೇಲೆ, ಹಾಲು ಬಿಟ್ಟ ಮೇಲೆ, ಆಸ್ಪತ್ರೆಗೆ ಹೋಗುತ್ತೀಯಾ ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ಅಮ್ಮ ಹೌದು ಎಂದುಬಿಟ್ಟರೆ ಎಂಬ ಹೆದರಿಕೆ ಇತ್ತೇನೋ. ಅದನ್ನು ಅವಳು ಈಗ ಮೊದಲ ಸಲ ತಿಳಿದುಕೊಂಡಳು.

ಅಕ್ಕ ಎದ್ದು ಮಣ್ಣಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಮಂಚದ ಅಂಚಿಗೆ ಕೂತಳು. "ಅಮ್ಮಾ, ನನ್ನ ನೋಡು. ನಾನು ಕೇಳ್ತೀನಿ, ನೀನು ಹೇಳಿದ ಹಾಗೆ ಮಾಡ್ತೀವಿ. ಆಣೆಗೂ. ಆಸ್ಪತ್ರೆಗೆ ಹೋಗೋಣ್ವಾ? ನಳಿಗೆ ಹಾಕ್ತಾರೆ. ಬದುಕ್ತೀಯ. ಹೋಗೋಣ್ವಾ, ಬೇಡ್ವಾ?"

ಅಮ್ಮ ಅಕ್ಕನನ್ನು ನೋಡಿದಳು, ಆಮೇಲೆ ಕಿರಿಯವಳನ್ನು. ರೆಪ್ಪೆ ಒಮ್ಮೆ ಬಡಿಯಿತು. ಆದರೆ ಅರ್ಧ ಬಗೆದಿಟ್ಟ ಮೂರು ಕುಂಡಗಳಿಂದ ಎದ್ದ ನೊರಜು ಕೋಣೆಯ ತುಂಬ ಇದ್ದವು. ಒಂದು ಅಮ್ಮನ ಎಡಗಣ್ಣಿನ ಮೂಲೆಯಲ್ಲಿ ಕೂತಿತು, ಇನ್ನೊಂದು ಮೂಗಿನ ಬಳಿ ಸುತ್ತಿತು. ರೆಪ್ಪೆ ಮತ್ತೆ ಬಡಿಯಿತು, ಮತ್ತೆ, ಪಟಪಟನೆ ಮತ್ತೆ ಮತ್ತೆ.

"ಹೌದು ಅಂದ್ಲು" ಎಂದಳು ಅಕ್ಕ. "ಮೊದಲನೇದು ಒಂದೇ ಒಂದು."

"ಎರಡು ಅಕ್ಕ. ಬೇಡ ಅಂದ್ಲು."

"ಎಲ್ಲಿ ಎರಡು? ಆರೇಳು ಸಲ ಬಡಿದ್ಲು."

"ಎರಡಾದ ಮೇಲೆ ನೊರಜು ಕೂತಿದ್ದು."

"ಒಂದಾದ ಮೇಲೆ ಕೂತಿದ್ದು. ನಾನು ಕಣ್ಣಾರೆ ನೋಡ್ದೆ." ಅಕ್ಕ ತಿರುಗಿದಳು. "ಮಾಮ, ನೀವು ನೋಡಿದ್ರಾ?"

ಮೇಸ್ತ್ರಿ ಅಂಗೈಯಲ್ಲಿದ್ದ ಒಣ ಮಣ್ಣನ್ನು ವಕೀಲರ ಬುಡಕ್ಕೆ ನಿಧಾನವಾಗಿ ಉದುರಿಸಿದ. "ನಾನು ಮಣ್ಣು ನೋಡ್ತಿದ್ದೆ ಮಗಾ" ಎಂದ.

ಅಕ್ಕ ಮತ್ತೆ ಅಮ್ಮನ ಕಡೆ ಬಾಗಿದಳು. ಅಮ್ಮ ಅಷ್ಟರಲ್ಲಿ ಕಣ್ಣು ಮುಚ್ಚಿದ್ದಳು. "ಅಮ್ಮಾ" ಎಂದು ಕೆನ್ನೆ ತಟ್ಟಿದಳು. ಕಣ್ಣು ತೆರೆಯಲಿಲ್ಲ. ಎದೆ ಏರಿಳಿಯುತ್ತಿತ್ತು, ಅಷ್ಟೇ. ಅಕ್ಕ ಎದ್ದು ಫೋನ್ ತೆಗೆದುಕೊಂಡು ನಡುಮನೆಗೆ ಹೋದಳು. "ನರ್ಸಮ್ಮ, ಭಾನುವಾರ ತೊಂದರೆ ಕೊಡ್ತಿದೀನಿ" ಎನ್ನುವುದು ಕೇಳಿಸಿತು. ಆಮೇಲೆ ತೊಟ್ಟಿಯ ನಲ್ಲಿ ತೆರೆದ ಸದ್ದು. ನೀರಿನ ಸದ್ದಿನ ಒಳಗೆ ಅಕ್ಕ ಏನು ಹೇಳಿದಳೋ, ಅತ್ತಳೋ, ಗೊತ್ತಾಗಲಿಲ್ಲ.

ಮೇಸ್ತ್ರಿ ಉಳಿದ ಕುಂಡಗಳನ್ನೂ ಮುಗಿಸಿದ. ಏಳರ ಮೇಲೂ ಮರಳು ಹರಡಿ ಅಂಗೈಯಿಂದ ಸವರಿದ. ಹಳೆಯ ಮಣ್ಣಿನ ಚೀಲದ ಬಾಯಿ ಬಿಗಿದು ಹೆಗಲಿಗೆ ಎತ್ತಿಕೊಂಡ. "ಗಿಡ ಬದುಕ್ತವೆ. ನೀನೇನೂ ಯೋಚ್ನೆ ಮಾಡ್ಬೇಡ" ಎಂದು ಮೆಲ್ಲಗೆ ಹೇಳಿ ಮೆಟ್ಟಿಲು ಇಳಿದ.

ಕಿರಿಯವಳು ಮಂಚದ ಹತ್ತಿರ ಬಂದಳು. ರಟ್ಟಿನಿಂದ ಬೀಸಿ ಬೀಸಿ ಅಮ್ಮನ ಮುಖದ ಸುತ್ತಲಿದ್ದವನ್ನೆಲ್ಲ ಓಡಿಸಿದಳು. ಕಣ್ಣಿನ ಮೂಲೆಯಲ್ಲಿ ಸತ್ತು ಅಂಟಿಕೊಂಡಿದ್ದ ಒಂದನ್ನು ಬಟ್ಟೆಯ ತುದಿಯಿಂದ ತೆಗೆದಳು. ಆಮೇಲೆ ಎರಡೂ ಅಂಗೈಗಳನ್ನು ಅಮ್ಮನ ಕಣ್ಣುಗಳ ಅಕ್ಕಪಕ್ಕ ಗೋಡೆಯಂತೆ ಹಿಡಿದು, ತನ್ನ ಮುಖವನ್ನು ಮೇಲಿನಿಂದ ಮುಚ್ಚಳದಂತೆ ಬಾಗಿಸಿದಳು. ಒಂದು ನೊರಜೂ ಒಳಗೆ ಬರುವ ಹಾಗಿರಲಿಲ್ಲ.

ಹೊರಗೆ ಅಕ್ಕ ಆಂಬುಲೆನ್ಸಿನವರಿಗೆ ಮನೆಯ ವಿಳಾಸ ಹೇಳುತ್ತಿದ್ದಳು.

"ಈಗ ಒಂದೂ ಇಲ್ಲಮ್ಮ. ಇನ್ನೊಂದ್ಸಲ ಹೇಳು" ಎಂದಳು ಕಿರಿಯವಳು.